ಅರವತ್ತಕ್ಕೆ ಒಂದು ಕಡಿಮೆ

"ಮೊದ್ಲು ಕಾರ್ಡು ತೋರ್ಸು," ಎಂದ ಶಕೀಲ್. ಅವನ ಕೈ ಗೋಣಿಚೀಲದ ಮೇಲಿತ್ತು.

ಗಂಗರಾಜು ಗಣಿತದ ಪುಸ್ತಕ ತೆರೆದ. ಹಾಳೆಗಳ ನಡುವೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಹಿಮಹದ್ದು ಇತ್ತು. ಸಂಖ್ಯೆ ಇಪ್ಪತ್ತೇಳು. ಶಕ್ತಿ ಒಂಬೈನೂರು. ಚಳ್ಳಕೆರೆಯ ಶನಿವಾರ ಮಧ್ಯಾಹ್ನದ ಬಿಸಿಲಿಗೆ ಅದರ ರೆಕ್ಕೆ ಮಿನುಗಿತು. ಶಕೀಲ್ ಮುಂದಕ್ಕೆ ಬಾಗಿದ.

ಬಬಲ್‌ಗಮ್ ಪೊಟ್ಟಣಗಳಲ್ಲಿ ಬರುತ್ತಿದ್ದ 'ದೈತ್ಯರ ಕಾಳಗ'ದ ಎರಡನೆಯ ಸರಣಿ ನಿಂತು ಎರಡು ವರ್ಷವಾಗಿತ್ತು. ಒಟ್ಟು ಅರವತ್ತು ಕಾರ್ಡು. ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಮಿನುಗುವ ಮೈ. ಕೆಂಡದಾಮೆ ಬೇಗ ಸೋಲುತ್ತಿರಲಿಲ್ಲ. ಸಿಡಿಲಗೂಳಿ ಬೇಗ ಗೆಲ್ಲುತ್ತಿತ್ತು. ಮರಳುಹಾವು ಎದುರಾಳಿಯ ಒಂದು ಸರದಿಯನ್ನೇ ನುಂಗುತ್ತಿತ್ತು. ಹಿಮಹದ್ದು ಈ ಮೂರನ್ನೂ ಹೊಡೆಯುತ್ತಿತ್ತು. ಶಕೀಲನ ಬಳಿ ಐವತ್ತೊಂಬತ್ತಿದ್ದವು. ಉಳಿದ ಒಂದಕ್ಕಾಗಿ ಅವನು ತನ್ನ ಸಹಪಾಠಿಯ ಮುಂದೆ ಕ್ರಿಕೆಟ್ ಬ್ಯಾಟನ್ನೂ ಕೈಗಡಿಯಾರವನ್ನೂ ಇಟ್ಟು ನೋಡಿದ್ದ. ಗಂಗರಾಜು ಒಪ್ಪಿರಲಿಲ್ಲ. ಹಾಸ್ಟೆಲಿನ ತಗಡಿನ ಪೆಟ್ಟಿಗೆಯಲ್ಲಿ ಅವನು ತನ್ನದೆನ್ನಬಹುದಾದ ವಸ್ತು ಅದೊಂದೇ.

ಇಂದು ಅವನೇ ಕಾರ್ಡು ಹಿಡಿದು ಗುಜರಿ ಅಂಗಡಿಗೆ ಬಂದಿದ್ದ.

ಮೊಳಕಾಲ್ಮೂರಿನಲ್ಲಿ ಅವನ ತಾಯಿ ರಂಗಕ್ಕ ರೇಷ್ಮೆ ಸೀರೆ ನೇಯುತ್ತಿದ್ದಳು. ಸೆರಗಿನ ಮಾವಿನಕಾಯಿ ಮೂಡಬೇಕಾದರೆ ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಸರಪಳಿ ತಿರುಗಬೇಕು. ಪಟ್ಟಿಗಳು ತೊಂಬತ್ತಾರು. ಯಾವ ಎಳೆ ಏಳಬೇಕೆಂಬುದನ್ನು ತೂತುಗಳೇ ಹೇಳುತ್ತವೆ. ಹೋದ ಮಳೆಗಾಲದಲ್ಲಿ ನಲವತ್ತೊಂದನೆಯ ಪಟ್ಟಿಯನ್ನು ಇಲಿ ಕಡಿಯಿತು. ಅಂದಿನಿಂದ ಪ್ರತಿ ಮಾವಿನಕಾಯಿಯ ತೊಟ್ಟೂ ಮುರಿದೇ ಮೂಡಿತು. ಗಂಗರಾಜು ಆ ಪಟ್ಟಿಯ ತುದಿಗೆ ಕೆಂಪು ರೇಷ್ಮೆ ದಾರದ ಗಂಟು ಹಾಕಿಕೊಟ್ಟ. ಗಂಟು ಕಂಡೊಡನೆ ತಾಯಿ ಮಗ್ಗ ನಿಲ್ಲಿಸಿ ಎಳೆಗಳನ್ನು ಕೈಯಿಂದ ಎತ್ತುತ್ತಿದ್ದಳು. ಅವಳ ಕಣ್ಣು ಅದಕ್ಕೆ ಸಾಲಲಿಲ್ಲ. ಮೂರು ಸೀರೆಗಳು ಹಿಂದಿರುಗಿದವು. ನೂಲು ಕೊಡುವ ಸಾಹುಕಾರ ಅಮಾವಾಸ್ಯೆಯವರೆಗೆ ಗಡುವಿಟ್ಟ. ಅಷ್ಟರೊಳಗೆ ಒಂದು ಸರಿಯಾದ ಸೆರಗು ಬಾರದಿದ್ದರೆ ಮುಂದೆ ನೂಲಿಲ್ಲ.

ಪಟ್ಟಿಗಳನ್ನು ಕೊರೆದ ಕಸುಬುದಾರ ತೀರಿಕೊಂಡಿದ್ದ. ಅವನ ನಕ್ಷೆಯೂ ಉಳಿದಿರಲಿಲ್ಲ. ಆ ಮಾವಿನಕಾಯಿಯನ್ನು ಅವನು ಮೂರು ಮನೆಗಳಿಗಷ್ಟೇ ಕೊರೆದಿದ್ದ: ಒಂದು ರಂಗಕ್ಕನಿಗೆ, ಒಂದು ರಾಯದುರ್ಗಕ್ಕೆ, ಒಂದು ಕೊಂಡ್ಲಹಳ್ಳಿಗೆ. ರಾಯದುರ್ಗದವರು ಮನೆ ಖಾಲಿ ಮಾಡಿ ವರ್ಷವಾಗಿತ್ತು. ಹೋದ ಭಾನುವಾರ ಗಂಗರಾಜು ಕೊಂಡ್ಲಹಳ್ಳಿಗೆ ಹೋದ. ಅಲ್ಲಿಯೂ ಬಾಗಿಲಿಗೆ ಬೀಗ.

"ಸಿಗಲ್ಲ ಬಿಡವ್ವ," ಎಂದ, ಹಾಸ್ಟೆಲಿಗೆ ಹೊರಡುವಾಗ. "ಇನ್ನ ಆಸೆ ಇಟ್ಕಬೇಡ."

"ನೀನು ಲೆಕ್ಕದಾಗೆ ಜಾಣ ನಾಯ್ನಾ. ನೀ ಹೇಳಿದ್ಮ್ಯಾಲೆ ಮುಗೀತು," ಎಂದು ರಂಗಕ್ಕ ಬುತ್ತಿ ಕಟ್ಟಿಕೊಟ್ಟಳು.

ಆರನೆಯ ದಿನಕ್ಕೆ ಲೆಕ್ಕ ತಿರುಗಿತು. ಶುಕ್ರವಾರ ಶಾಲೆಯಲ್ಲಿ ಶಕೀಲ್ ಮಾತಿನ ನಡುವೆ ಹೇಳಿದ: ತಂದೆಯ ಗುಜರಿ ಅಂಗಡಿಗೆ ತೂತುಪಟ್ಟಿಗಳ ಒಂದು ಚೀಲ ಬಂದಿದೆ.

ಅಂಗಡಿಯೊಡೆಯ ಗೌಸ್ ಪೀರ್ ತಕ್ಕಡಿಯ ಹಿಂದೆ ಬೀಡಿ ಸೇದುತ್ತ ಕುಳಿತಿದ್ದ. ಕಬ್ಬಿಣ ತನ್ನದು, ರದ್ದಿ ಮಗನದು ಎಂಬುದು ಅವನು ಮಾಡಿಟ್ಟ ನಿಯಮ. ರಟ್ಟು ರದ್ದಿಗೆ ಸೇರಿತ್ತು. ಆದ್ದರಿಂದ ಈ ವ್ಯವಹಾರದಲ್ಲಿ ಅವನು ತಲೆ ಹಾಕಲಿಲ್ಲ.

"ಯಾವೂರಿಂದು ಚಾಚಾ?" ಗಂಗರಾಜು ಕೇಳಿದ.

"ವಾರಕ್ಕೆ ಹತ್ತೂರು ತಿರುಗ್ತೀನಿ ಬೇಟಾ. ಮಗ್ಗ ಮಾರೋರ್ದೆಲ್ಲ ಒಂದೇ ಮುಖ. ನೆಪ್ಪಿರಲ್ಲ."

"ಮಗ್ಗಾನೂ ಬಂತಾ?"

"ಬುಧವಾರ ಎಲ್ಲಾ ಬಂತು. ಕಬ್ಬಿಣ ಲಾರಿಗೆ ಹೋಯ್ತು. ಕಟ್ಟಿಗೆ ಬೇಕರಿ ಒಲೆಗೆ ಹೋಯ್ತು. ಇದೊಂದು ಉಳ್ಕಂಡೈತೆ. ಆಯಮ್ಮ ತಾನೇ ಚೀಲದ ಬಾಯಿ ಹೊಲ್ದು, ಕೈ ಮುಗ್ದು ಕೊಟ್ಲು."

ಕಾಣದ ಆ ಹೆಂಗಸಿಗಾಗಿ ಗಂಗರಾಜು ಕ್ಷಣಕಾಲ ನೊಂದ. ಅದಕ್ಕಿಂತ ಹೆಚ್ಚಿಲ್ಲ. ಒಂದು ಮಗ್ಗ ಹೋಗಿ ಇನ್ನೊಂದು ಉಳಿಯುವುದಾದರೆ ಅದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ.

ಚೀಲದ ಹರುಕಿನಲ್ಲಿ ಒಂದು ಪಟ್ಟಿಯ ಅಂಚು ಕಾಣುತ್ತಿತ್ತು. ಮೂರು ತೂತು, ಒಂದು ಖಾಲಿ, ಮತ್ತೆ ಐದು. ಆ ಸಾಲು ಅವನಿಗೆ ಬಾಯಿಪಾಠ. ಅದೇ ಕಸುಬುದಾರನ ಕೈ. ಅದೇ ಮಾವಿನಕಾಯಿ. ಕೊಂಡ್ಲಹಳ್ಳಿಯದು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ.

"ಬಿಚ್ಚಿ ನೋಡ್ಲೇನ್ಲೇ?"

"ಬಿಚ್ಚಿದ್ರೆ ನಿಂದೇ ಆಯ್ತು. ಗುಜರೀಲಿ ವಾಪಸ್ ಇಲ್ಲ," ಎಂದ ಶಕೀಲ್. "ಹದ್ದು ಕೊಟ್ಟು ರಟ್ಟು ತಗಂಡೋಗ್ತೀಯಲ್ಲೋ. ನಿಮ್ಮವ್ವ ಒಲೆಗೆ ಹಾಕ್ತಾಳೆ ನೋಡು."

"ನಮ್ಮವ್ವ ಏನು ಮಾಡ್ತಾಳಂತ ನಂಗೊತ್ತು."

ಕಾರ್ಡು ಕೈ ಬದಲಾಯಿತು. ಶಕೀಲ್ ನೆಲದ ಮೇಲೆ ಕುಳಿತು ತನ್ನ ಕಟ್ಟನ್ನು ಎಣಿಸಿದ. ಅರವತ್ತು. ಮತ್ತೊಮ್ಮೆ ಎಣಿಸಿದ. ಅಷ್ಟೇ ಬಂತು.

"ಎಲ್ಲಾ ನನ್ ಹತ್ರಾನೇ ಐತೆ," ಎಂದ ಪೆಚ್ಚಾಗಿ. "ಇನ್ನ ನನ್ ಜೊತೆ ಯಾವನ್ಲೇ ಆಡ್ತಾನೆ?"

ಗಂಗರಾಜು ಕೇಳಿಸಿಕೊಳ್ಳಲಿಲ್ಲ. ನಾಲ್ಕೂವರೆಯ ಬಸ್ಸಿಗೆ ಅವನು ಓಡುತ್ತಿದ್ದ.

ಬಸ್ಸು ಹಿರೇಹಳ್ಳಿ ದಾಟಿತು. ಚೀಲ ತೊಡೆಯ ಮೇಲಿತ್ತು. ಅಮಾವಾಸ್ಯೆಗೆ ನಾಲ್ಕು ದಿನ. ದಿನಕ್ಕೆ ಹನ್ನೆರಡು ಮಾವಿನಕಾಯಿ; ನಾಲ್ಕು ದಿನಕ್ಕೆ ನಲವತ್ತೆಂಟು. ಒಂದು ಸೆರಗಿಗೆ ಬೇಕಾದದ್ದು ನಲವತ್ತೆಂಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬೇಕಾದ ಪಟ್ಟಿಯನ್ನು ಇಲ್ಲಿಯೇ ಬಿಡಿಸಿಟ್ಟುಕೊಂಡರೆ ಮನೆ ಸೇರಿದ ಕೂಡಲೇ ಮಗ್ಗಕ್ಕೆ ಪೋಣಿಸಬಹುದು.

ಅವನು ಹೊಲಿಗೆಯನ್ನು ಹಲ್ಲಿನಿಂದ ಕಡಿದ. ಸರಪಳಿಯನ್ನು ಮಡಿಕೆ ಮಡಿಕೆಯಾಗಿ ಹೊರಗೆಳೆದು ಎಣಿಸತೊಡಗಿದ. ಯಾವುದೂ ಸವೆದಿರಲಿಲ್ಲ, ಬಾಗಿರಲಿಲ್ಲ. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ನಲವತ್ತೊಂದರ ತುದಿಯಲ್ಲಿ ಕೆಂಪು ರೇಷ್ಮೆ ದಾರದ ಗಂಟಿತ್ತು.