ಲಾಸ್ಟ್ ರೇಟ್

ಮಗಳ ಎದುರು ಇನ್ನೆಂದೂ ಚೌಕಾಸಿ ಮಾಡುವುದಿಲ್ಲ ಎಂದು ಅವಳು ಆರನೇ ಕ್ಲಾಸಿನಲ್ಲಿದ್ದಾಗ ಮಾತು ಕೊಟ್ಟಿದ್ದೆ. ಅಂದು ಚಪ್ಪಲಿ ಅಂಗಡಿಯವನು ರೇಟು ಇಳಿಸದಿದ್ದಾಗ ಅವಳ ಕೈಹಿಡಿದು ಎದ್ದು ಹೊರಟಿದ್ದೆ. ಅವನು ಹಿಂದಿನಿಂದ ಕೂಗಿ ಕರೆದು, ಕೇಳಿದ ರೇಟಿಗೇ ಕೊಟ್ಟ. ಅವಳು ನಾಚಿಕೆಯಿಂದ ದಾರಿಯುದ್ದಕ್ಕೂ ಅತ್ತಳು.

ಈಗ ಅವಳಿಗೆ ಇಂಗ್ಲೆಂಡಿನಲ್ಲೇ ಇಂಜಿನಿಯರಿಂಗ್ ಓದಬೇಕು. ಸೀಟು ಕೊಟ್ಟಿರುವುದು ಮೂರು ತಿಂಗಳು ಹುಡುಕಿ ಸಿಕ್ಕ ಅತಿ ಅಗ್ಗದ ಯೂನಿವರ್ಸಿಟಿ. ಆಸ್ಪತ್ರೆಯಲ್ಲಿ ನಾನು ಡಬಲ್ ಡ್ಯೂಟಿ ಮಾಡಿದರೂ ಎರಡು ಸಾವಿರ ಪೌಂಡ್ ಕಡಿಮೆ ಬೀಳುತ್ತದೆ. ಅದು ಹೊಂದಿಕೆಯಾಗದಿದ್ದರೆ ಆಸೆ ಬಿಡಬೇಕು.

"ಕೇಳಿದ್ರೆ ಬಿಡ್ತಾರೆ ಕಣೇ. ಎಲ್ಲದಕ್ಕೂ ಒಂದು ಲಾಸ್ಟ್ ರೇಟ್ ಇರತ್ತೆ."

"ಅಮ್ಮಾ, ಅದು ಯೂನಿವರ್ಸಿಟಿ, ಚಪ್ಪಲಿ ಅಂಗಡಿಯಲ್ಲ. ವಿಡಿಯೋ ಕಾಲಲ್ಲಿ ನೀನು ಬಾಯಿ ಬಿಟ್ರೆ ನಾನು ಎದ್ದು ಹೋಗ್ತೀನಿ ಅಷ್ಟೇ."

"ಮತ್ತೆ ಆ ದುಡ್ಡು? ನಿನ್ನ ಮರ್ಯಾದೆ ಕಟ್ಟತ್ತಾ?"

"ಮಾತು ಕೊಟ್ಟಿದ್ದೀಯ."

ವಿಡಿಯೋ ಕಾಲಿನಲ್ಲಿ ಅಡ್ಮಿಷನ್ ಆಫೀಸಿನ ಹೆಂಗಸು ನಗುನಗುತ್ತಲೇ ಫೀಸು ಹೇಳಿದಳು. ನಾನು ತುಟಿ ಕಚ್ಚಿ ಕೂತೆ. ಮಗಳು, ಇದಕ್ಕಿಂತ ಕಡಿಮೆಗೆ ಇನ್ನೊಂದು ಯೂನಿವರ್ಸಿಟಿ ಸೀಟು ಕೊಡುತ್ತಿದೆ, ನಿಮಗೆ ಆಗದಿದ್ದರೆ ಪರವಾಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಥ್ಯಾಂಕ್ಸ್ ಎಂದು ಲ್ಯಾಪ್‌ಟಾಪ್ ಮುಚ್ಚಲು ಕೈ ಇಟ್ಟಳು.

"ಒಂದು ನಿಮಿಷ ಇರಿ," ಎಂದು ಆ ಹೆಂಗಸು ಕೂಗಿದಳು.

ನಾನು ಬಾಯಿ ಬಿಡಲೇ ಇಲ್ಲ. ಕೊಟ್ಟ ಮಾತು ಉಳಿಯಿತು.