ತೋಳಿನ ನೀಲಿ

“ಚಹಾಪುಡಿ ಡಬ್ಬಿ ಎಲ್ಲಿ ಬಚ್ಚಿಟ್ಟೀದಿ, ಕಳ್ಳಿ?” ಜ್ವರ ಬಂದು ಮಲಗಿದ್ದ ಶಂಕ್ರವ್ವ ತಂಗಿಯ ಮೇಲೆ ಹರಿಹಾಯ್ದಳು.

“ಚಹಾ ಕುಡದು ಸಾಯಾಕ ಹೊಂಟೀ ಏನ? ಬಾಯಿ ಮುಚ್ಕೊಂಡು ಬೀಳ,” ಎಂದಳು ಕಸ್ತೂರಿ.

ಮೈಯೊಳಗೆ ನಡೆಯುವುದು ಚರ್ಮದ ಮೇಲೆ ಬಣ್ಣವಾಗಿ ಕಾಣುವ ಕಾಲವಿದು. ವೈರಸ್ ಹೊಕ್ಕಾಗ ಜೀವಕೋಶಗಳು ಅದನ್ನು ತಡೆಯುವ ಇಂಟರ್‌ಫೆರಾನ್ ಸುರಿಸಿದರೆ ನೀಲಿ. ಸಿಟ್ಟಿಗೋ ಚಹಾಕ್ಕೋ ಜೀವಕೋಶಗಳನ್ನು ಕೆರಳಿಸುವ ಸೈಕ್ಲಿಕ್ ಎಎಂಪಿ ಏರಿದರೆ ಹಳದಿ. ಹಳದಿ ಹಬ್ಬಿದಲ್ಲಿ ನೀಲಿ ಕುಗ್ಗಿ ಹಿಂದೆ ಸರಿಯುತ್ತದೆ. ಅದಕ್ಕೇ ಜ್ವರದ ಮನೆಯಲ್ಲಿ ಯಾರೂ ಚಹಾ ಕಾಸುವುದಿಲ್ಲ. ಸಂಜೆಯೊಳಗೆ ನೀಲಿ ಭುಜ ಮುಟ್ಟದಿದ್ದರೆ ಜ್ವರ ಎದೆಗೆ ಇಳಿಯುತ್ತದೆಂದು ನರ್ಸಮ್ಮ ಹೇಳಿಹೋಗಿದ್ದಳು.

ಬೆಳಿಗ್ಗೆ ಶಂಕ್ರವ್ವನ ಮೊಣಕೈಗೆ ಏರಿದ್ದ ನೀಲಿ ಈಗ ಮಣಿಕಟ್ಟಿಗೆ ಜಾರಿತ್ತು. ತೋಳೆಲ್ಲ ಅರಿಸಿನದ ಬಣ್ಣ. ಬಯ್ಯಲು ಬಾಯಿ ತೆರೆದ ಕಸ್ತೂರಿ ಅದನ್ನು ನೋಡಿ ಹಾಗೇ ನಿಂತಳು. ಎರಡು ದಿನ ಅಕ್ಕನಿಗೆ ಚಹಾ ಸಿಗದಂತೆ ಕಾದಿದ್ದಳು. ಹಳದಿ ಏರಿಸಿದ್ದು ಚಹಾ ಅಲ್ಲ, ಅಕ್ಕನನ್ನು ಕೆರಳಿಸಿದ ಅವಳದೇ ಬಾಯಿ.

ಅವಳು ಚಪ್ಪಲಿ ಮೆಟ್ಟಿದಳು.

“ಸೋತು ಹೊಂಟೀ ಏನ?” ಅಕ್ಕ ಕೆಣಕಿದಳು.

“ಹೂಂ, ಸೋತೆ. ನಾ ಇಲ್ಲಿದ್ರ ನನ್ನ ಬಾಯಿ ಸುಮ್ನ ಕೂಡೂದಿಲ್ಲ.”

ನಲವತ್ತು ವರ್ಷದಲ್ಲಿ ಅವಳು ಸೋತೆನೆಂದದ್ದು ಇದೇ ಮೊದಲು. ಬಾಗಿಲು ಎಳೆದುಕೊಂಡು ನಡೆದಳು.

ಜಗಳಕ್ಕೆ ಯಾರೂ ಉಳಿಯಲಿಲ್ಲ. ಶಂಕ್ರವ್ವನ ಉಸಿರು ನಿಧಾನವಾಯಿತು, ಹಳದಿ ಇಳಿಯಿತು. ಜೀವಕೋಶಗಳಿಗೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ, ದಾರಿ ಬಿಟ್ಟರೆ ಸಾಕಿತ್ತು. ನೀಲಿ ಬೆರಳಗಲ ಬೆರಳಗಲವಾಗಿ ಏರಿ, ಬಿಸಿಲು ತಗ್ಗುವ ಹೊತ್ತಿಗೆ ಭುಜ ಮುಟ್ಟಿತು.

“ಕಸ್ತೂರೀ, ಎಷ್ಟು ಚಂದ ಐತಿ, ಬಂದು ನೋಡ,” ಎಂದು ಅಕ್ಕ ಕರೆದಳು.

ಕಸ್ತೂರಿ ಬರಲಿಲ್ಲ. ಆ ನೀಲಿ ಉಳಿಯಲೆಂದು ಹೊರಗಿನ ಕಟ್ಟೆಯ ಮೇಲೇ ಕೂತಳು.