ನಾಲ್ಕನೆಯ ಗರುಡ

ಹೊಳೆ ದಾಟಿಸುವ ಎಂಟೂವರೆಯ ಬಾರ್ಜು ಹಿಡಿದರಷ್ಟೇ ಆಚೆ ದಡದಲ್ಲಿ ನೀರುನಾಯಿಗಳ ದರ್ಶನ. ಬಿಸಿಲೇರಿದರೆ ಅವು ಬಿಲ ಸೇರುತ್ತವೆ. ಪ್ರಾಣಿಶಾಸ್ತ್ರದ ಮೇಡಂ ಹಿಂದಿನ ಎರಡು ಭಾನುವಾರವೂ ಹೊರಟುಹೋದ ಬಾರ್ಜಿನ ಬೆನ್ನನ್ನಷ್ಟೇ ನೋಡಿ ಮರಳಿದ್ದರು.

ಇವತ್ತು ಬಾರ್ಜಿನ ಕಟ್ಟೆಗೆ ಹೋಗುವ ಬಸ್ಸೇನೋ ಸಮಯಕ್ಕೆ ಸರಿಯಾಗಿ ಹೊರಟಿತ್ತು. ಆದರೆ ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಡ್ರೈವರ್, ಕಡಲ ಮೇಲೆ ಗರುಡ ಕಂಡಾಗಲೆಲ್ಲ ಬಸ್ಸು ನಿಲ್ಲಿಸಿ, ಕೆನ್ನೆ ತಟ್ಟಿಕೊಂಡು, ಕಣ್ಮುಚ್ಚಿ ಕೈಮುಗಿಯುತ್ತಿದ್ದ. ಆಗಲೇ ಮೂರು ಸಲ ಆಗಿತ್ತು.

"ಇದು ಮೀನಿನ ಊರು ಮಾರಾಯ್ರೇ. ಇಲ್ಲಿ ಕಾಗೆಗಿಂತ ಗರುಡವೇ ಜಾಸ್ತಿ," ಎಂದ ಕಂಡಕ್ಟರ್.

"ಹಂಗಾರ ಪುಣ್ಯಾನೂ ಜಾಸ್ತಿ ಬಿಡಪಾ!"

ನಾಲ್ಕನೆಯದು ತೆಂಗಿನ ಮರದಿಂದೆದ್ದು ರಸ್ತೆ ದಾಟಿತು. ಬ್ರೇಕು ಬಿತ್ತು. ಗಂಟೆ ಎಂಟು ಇಪ್ಪತ್ತು. ಮೇಡಂ ದುರ್ಬೀನು ಕಣ್ಣಿಗಿಟ್ಟುಕೊಂಡು ಎದ್ದು ನಿಂತರು. ಕಲಿತ ವಿದ್ಯೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹಕ್ಕಿಯ ಕುಲ ಬದಲಿಸಿಬಿಟ್ಟರು.

"ಡ್ರೈವರ್ ಸಾಹೇಬ್ರೇ, ಅದು ಗರುಡ ಅಲ್ಲ. ಬರೀ ಹದ್ದು!"

"ಖರೇನ್ರೀ ಅಕ್ಕಾರ?"

"ಹದಿನೆಂಟು ವರ್ಷದಿಂದ ಇದನ್ನೇ ಪಾಠ ಮಾಡ್ತಿದ್ದೀನಿ. ಅಪ್ಪಟ ಹದ್ದು."

ಡ್ರೈವರ್ ಮುಗಿದ ಕೈ ಇಳಿಸಿದ. "ರೈಟ್, ರೈಟ್!" ಎಂದು ಕಂಡಕ್ಟರ್ ಹುರುಪಿನಿಂದ ಸೀಟಿ ಊದಿದ. ಮೇಡಂ ನಿಟ್ಟುಸಿರುಬಿಟ್ಟು ಸೀಟಿನಲ್ಲಿ ಕುಳಿತರು.

ಡ್ರೈವರ್ ಚಾವಿ ತಿರುಗಿಸಿ ಎಂಜಿನ್ ಆರಿಸಿದ.

"ಚಲೋ ಆತು ಹೇಳಿದ್ರಿ. ಹದ್ದು ಅಡ್ಡ ಹಾದ್ರ ಅರ್ಧ ತಾಸು ಕುಂತು, ನೀರು ಕುಡದು ಹೋಗಬೇಕ್ರೀ. ಎಲ್ಲಾರೂ ಕೆಳಗ ಇಳೀರಿ."